ಹಳೆಯ ‘ನುಡಿ’ ಕಡತಕ್ಕೆ ಹೊಸ ಯೂನಿಕೋಡ್: ಕೀಲಿಮಣೆ ಉಳಿಯಿತು, ಸಂಕೇತ ಬದಲಾಯಿತು

ದೊಡ್ಡಬಳ್ಳಾಪುರ: 2005ರ ಸುಮಾರಿಗೆ ಬೆರಳಚ್ಚು ಮಾಡಿಟ್ಟ ಕ್ರಯಪತ್ರದ ಕಡತವನ್ನು ಇಂದಿನ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಕಾಣಿಸುವುದು ಅನುಮಾನ. ತಲೆಯ ಮೇಲೆ ಚುಕ್ಕಿ, ಗೆರೆ ಹೊತ್ತ ರೋಮನ್ ಅಕ್ಷರಗಳ ರಾಶಿ ಎದುರಾಗುತ್ತದೆ. ಕಡತವೇನೂ ಕೆಟ್ಟಿರುವುದಿಲ್ಲ. ಅದನ್ನು ಬರೆದ ಕಾಲದಲ್ಲಿ ಸಹಜವಾಗಿದ್ದ ಸಂಕೇತ ಇಂದು ಸಹಜವಾಗಿಲ್ಲ, ಅಷ್ಟೆ.

ಬಳಕೆದಾರ ಏನನ್ನೂ ಆರಿಸದೆ ಇದ್ದಾಗ ತಂತ್ರಾಂಶವು ತಾನಾಗಿಯೇ ಅನುಸರಿಸುವ ಕ್ರಮಕ್ಕೆ ‘ಡೀಫಾಲ್ಟ್’ ಎನ್ನುತ್ತಾರೆ. ಬಹುತೇಕ ಮಂದಿ ಅದನ್ನು ಎಂದೂ ಮುಟ್ಟುವುದಿಲ್ಲ. ಆದ್ದರಿಂದಲೇ ಅದನ್ನು ಬದಲಿಸುವುದು ನಾಜೂಕಿನ ಕೆಲಸ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಕ್ರಮ ಬದಲಾದ ಬಗೆ ಇದಕ್ಕೆ ಒಳ್ಳೆಯ ನಿದರ್ಶನ.

ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯಂತಹ ಆರಂಭಿಕ ತಂತ್ರಾಂಶಗಳು ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದವು. ಕಂಪ್ಯೂಟರಿನ ಮಟ್ಟಿಗೆ ಅದು ಇಂಗ್ಲಿಷೇ. ಅಕ್ಷರಶೈಲಿ ಎಂಬ ಮುಖವಾಡ ತೊಡಿಸಿದಾಗ ಮಾತ್ರ ಕನ್ನಡ. ಮುಖವಾಡ ಕಳಚಿದರೆ ಓದಲಾಗದು, ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು. 1991ರಲ್ಲಿ ಬಂದ ಯೂನಿಕೋಡ್ ಶಿಷ್ಟತೆಯಾದರೋ ಕನ್ನಡಕ್ಕೆಂದೇ 128 ಸ್ಥಾನಗಳನ್ನು ಮೀಸಲಿಟ್ಟಿತು.

ಆದರೂ ಜನ ಹಳೆಯದನ್ನೇ ಹಿಡಿದುಕೊಂಡರು. ಅದಕ್ಕೆ ಬರೀ ಸೋಮಾರಿತನ ಕಾರಣವಾಗಿರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಅಕ್ಷರಶೈಲಿ ಇತ್ತು. ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸುವ ಸೌಲಭ್ಯವೂ ಇತ್ತು. ಆದರೆ ಆ ಸೌಲಭ್ಯ ಡೀಫಾಲ್ಟ್ ಆಗಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಭಾಷಾ ವಿಭಾಗಕ್ಕೆ ಹೋಗಿ, ಒಂದು ಚೌಕದಲ್ಲಿ ಗುರುತು ಹಾಕಿ, ವಿಂಡೋಸ್ ಸಿ.ಡಿ.ಯನ್ನು ಒಳಗಿಡಬೇಕಿತ್ತು. ಆ ಸಿ.ಡಿ. ಎಷ್ಟು ಮನೆಗಳಲ್ಲಿ ಕೈಗೆ ಸಿಗುತ್ತಿತ್ತು ಎಂಬುದು ಬೇರೆಯೇ ಪ್ರಶ್ನೆ. 2007ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದಲ್ಲಿ ಈ ಸೌಲಭ್ಯ ತಾನಾಗಿಯೇ ಚಾಲೂ ಆಗಿರುತ್ತಿತ್ತು. ಒಂದೇ ಒಂದು ಚೌಕದ ಗುರುತಿಗಾಗಿ ಕನ್ನಡ ಐದಾರು ವರ್ಷ ಕಾಯಬೇಕಾಯಿತೆಂದರೆ ತಪ್ಪಾಗಲಾರದು.

ಮುದ್ರಣ ವಲಯದ ಕಷ್ಟ ಇನ್ನೊಂದು ಬಗೆಯದು. ಡಿ.ಟಿ.ಪಿ. ಅಂಗಡಿಗಳ ಬೆನ್ನೆಲುಬಾಗಿದ್ದ ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತೇ ಇರಲಿಲ್ಲ. ಲಗ್ನಪತ್ರಿಕೆ, ಕರಪತ್ರ ಅಚ್ಚು ಮಾಡಿ ಜೀವನ ಸಾಗಿಸುವವರಿಗೆ ಯೂನಿಕೋಡಿಗೆ ಬನ್ನಿ ಎಂದರೆ ಕಸುಬಿನ ಸಾಧನವನ್ನೇ ಬಿಟ್ಟು ಬನ್ನಿ ಎಂದಂತೆ.

ಬೆರಳಿಗೆ ತಿಳಿಯದ ಬದಲಾವಣೆ

ಈ ಗೊಂದಲದ ನಡುವೆಯೂ ಒಂದು ವಿಷಯದಲ್ಲಿ ಜಾಣ್ಮೆ ಕೆಲಸ ಮಾಡಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಯಾರೂ ಕದಲಿಸಲಿಲ್ಲ. ‘ಕೆ’ ಕೀಲಿ ಒತ್ತಿದರೆ ‘ಕ’, ಶಿಫ್ಟ್ ಜೊತೆ ಒತ್ತಿದರೆ ‘ಖ’, ಒತ್ತಕ್ಷರಕ್ಕೆ ನಡುವೆ ‘ಎಫ್’. ನುಡಿಯ ನಂತರದ ಆವೃತ್ತಿಗಳಲ್ಲಿ ಹಳೆಯ ಸಂಕೇತ, ಯೂನಿಕೋಡ್ ಎರಡೂ ದೊರೆತವು, ಪರಿವರ್ತಕವೂ ಬಂತು. ವರ್ಷಗಟ್ಟಲೆ ರೂಢಿಯಾದ ಬೆರಳ ಚಲನೆ ಮಾತ್ರ ಹಾಗೆಯೇ ಉಳಿಯಿತು. ಕಾಣುವುದನ್ನು ಉಳಿಸಿ ಕಾಣದಿರುವುದನ್ನು ಬದಲಿಸುವ ಈ ಕ್ರಮಕ್ಕೆ ಬೆರಳಚ್ಚುಗಾರರಿಂದ ಪ್ರತಿರೋಧ ಬರಲು ಕಾರಣವೇ ಇರಲಿಲ್ಲ.

ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಅಂಗೀಕರಿಸಿದ್ದು 2012ರಲ್ಲಿ. ಆದರೆ ಹಳೆಯ ಸಂಕೇತಕ್ಕೆ ತೆರೆ ಬೀಳಲೇ ಇಲ್ಲ. ಎರಡೂ ಜೊತೆಜೊತೆಗೆ ನಡೆದವು. ‘ಭೂಮಿ’ ಯೋಜನೆಯಲ್ಲಿ ಹೀಗಾಗಲಿಲ್ಲ. ಕೈಬರಹದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ಅಚ್ಚು ತೆಗೆದು ಗ್ರಾಮಲೆಕ್ಕಿಗರಿಂದ ಪರಿಶೀಲನೆ ಮಾಡಿಸಲಾಯಿತು. ತಾಲ್ಲೂಕು ಸಿದ್ಧವಾದಂತೆಲ್ಲ ಅಲ್ಲಿ ಕೈಬರಹದ ಪಹಣಿ ನೀಡುವುದನ್ನು ಅಧಿಸೂಚನೆಯ ಮೂಲಕ ನಿಲ್ಲಿಸಲಾಯಿತು. 2002ರ ವೇಳೆಗೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಅದು ತಲುಪಿತು. ಹಳೆಯದಕ್ಕೆ ಗಡುವು, ಗಡುವಿಗೆ ಮೊದಲು ತಾಳೆ ನೋಡುವ ಅವಕಾಶ ಎರಡೂ ಅಲ್ಲಿದ್ದವು. ಅಕ್ಷರ ಸಂಕೇತದ ವಿಷಯದಲ್ಲಿ ಮೊದಲನೆಯದು ತಪ್ಪಿಹೋಯಿತು.

‘ಸೂರ್ಯ’ನಿಗೆ ಧಕ್ಕೆ ಬಾರದಂತೆ

ಡೀಫಾಲ್ಟನ್ನು ಬದಲಿಸದೆ ಇರುವುದೇ ಲೇಸೆಂಬ ಸಂದರ್ಭಗಳೂ ಉಂಟು. ಯೂನಿಕೋಡಿನಲ್ಲಿ ‘ರ’ದ ನಂತರ ವಿರಾಮ ಚಿಹ್ನೆ, ‘ಯ’ ಬಂದರೆ ಅರ್ಕಾವತ್ತು ತಾನಾಗಿ ಮೂಡುತ್ತದೆ. ‘ಸೂರ್ಯ’, ‘ಕಾರ್ಯ’ಗಳಿಗೆ ಇದು ಸರಿ. ‘ರ‍್ಯಾಂಕ್’, ‘ರ‍್ಯಾಲಿ’ ಬರೆಯುವ ಪತ್ರಿಕೆಗಳಿಗೆ ಇದರಿಂದ ತೊಡಕು. ನಿಯಮವನ್ನೇ ತಿರುವಿ ಹಾಕಿದ್ದರೆ ಅದುವರೆಗೆ ಬರೆದ ಸೂರ್ಯರೆಲ್ಲ ರೂಪ ಕಳೆದುಕೊಳ್ಳುತ್ತಿದ್ದರು. ಹಾಗೆ ಮಾಡದೆ, ‘ರ’ದ ನಂತರ ಕಣ್ಣಿಗೆ ಕಾಣದ ಒಂದು ಜೋಡಣಾ ಚಿಹ್ನೆಯನ್ನು ಸೇರಿಸಿ ಬೇಕಾದವರು ಬೇಕಾದ ರೂಪ ಪಡೆಯುವ ದಾರಿ ಒದಗಿಸಲಾಗಿದೆ. ಇದಕ್ಕೂ ಬೆಲೆ ಇಲ್ಲದಿಲ್ಲ. ಒಬ್ಬರು ಚಿಹ್ನೆ ಸೇರಿಸಿ, ಇನ್ನೊಬ್ಬರು ಸೇರಿಸದೆ ಬರೆದ ‘ರ‍್ಯಾಲಿ’ ಹುಡುಕಾಟದಲ್ಲಿ ಎರಡು ಬೇರೆ ಪದಗಳಾಗಬಹುದು.

ಒಮ್ಮೆ ಕೊಟ್ಟ ಸ್ಥಾನವನ್ನಾಗಲಿ ಹೆಸರನ್ನಾಗಲಿ ಬದಲಿಸುವುದಿಲ್ಲವೆಂಬುದು ಯೂನಿಕೋಡಿನ ನೀತಿ. ಹಳಗನ್ನಡದ ‘ೞ’ ಅಕ್ಷರಕ್ಕೆ ಅದರ ಪಟ್ಟಿಯಲ್ಲಿ ತಪ್ಪಾಗಿ ‘ಫ’ ಧ್ವನಿಯ ಹೆಸರು ಬಿದ್ದಿದೆ. ತಪ್ಪೆಂದು ತಿಳಿದ ಮೇಲೂ ಮೂಲ ಹೆಸರನ್ನು ಅಳಿಸಿಲ್ಲ, ಪಕ್ಕದಲ್ಲಿ ಸರಿಯಾದ ಪರ್ಯಾಯ ಹೆಸರು ಕೊಡಲಾಗಿದೆ. ಹಳೆಯ ಹೆಸರನ್ನು ನಂಬಿ ಬರೆದ ತಂತ್ರಾಂಶ ಮುರಿದು ಬೀಳದಿರಲಿ ಎಂಬುದೇ ಇದರ ಉದ್ದೇಶ.

ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರಗಳಲ್ಲಿ ಜಮೀನು ವ್ಯವಹಾರ ಮಾಡುವವರಿಗೆ ಇದು ಬರೀ ಅಕ್ಷರಶಾಸ್ತ್ರದ ಮಾತಲ್ಲ. 2023ರಲ್ಲಿ ‘ಕಾವೇರಿ 2.0’ ಜಾರಿಗೆ ಬಂದ ಮೇಲೆ ನೋಂದಣಿಯ ವಿವರಗಳನ್ನು ಮೊದಲೇ ಆನ್‌ಲೈನಿನಲ್ಲಿ ತುಂಬಬೇಕು. ಹಳೆಯ ಸಂಕೇತದ ಕಡತದಿಂದ ಹೆಸರು, ಚಕ್ಕುಬಂದಿಯನ್ನು ನಕಲು ಮಾಡಿ ಜಾಲತಾಣದ ನಮೂನೆಗೆ ಅಂಟಿಸಿದರೆ ಬರುವುದು ರೋಮನ್ ಕಸವೇ.

ಪರಿವರ್ತಕ ಬಳಸುವವರು ಮೂಲ ಕಡತವನ್ನು ಹಾಗೆಯೇ ಉಳಿಸಿಕೊಳ್ಳುವುದು ಕ್ಷೇಮ. ಪತ್ರದ ನಡುವೆ ಇಂಗ್ಲಿಷ್ ಪದಗಳಿದ್ದರೆ, ಅಕ್ಷರಶೈಲಿಯ ಮಾಹಿತಿ ಇಲ್ಲದ ಬರೀ ಪಠ್ಯದಲ್ಲಿ ಪರಿವರ್ತಕಕ್ಕೆ ಅವು ಇಂಗ್ಲಿಷೆಂದು ತಿಳಿಯುವುದಿಲ್ಲ. ಬ್ಯಾಂಕಿನ ಹೆಸರು, ಪ್ಯಾನ್ ಸಂಖ್ಯೆಯ ಅಕ್ಷರಗಳು ಅರ್ಥವಿಲ್ಲದ ಕನ್ನಡವಾಗಿ ಹೊರಬೀಳಬಹುದು. ವ್ಯಕ್ತಿಗಳ ಹೆಸರು, ಸರ್ವೆ ನಂಬರು, ವಿಸ್ತೀರ್ಣಗಳನ್ನು ಅಚ್ಚಾದ ಪ್ರತಿಯೊಂದಿಗೆ ಕಣ್ಣಾರೆ ತಾಳೆ ನೋಡಲೇಬೇಕು. ಮಾಗಡಿ, ಕನಕಪುರಗಳ 2007ಕ್ಕೆ ಮೊದಲಿನ ಪತ್ರಗಳಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ಗ್ರಾಮಾಂತರ ಎಂದೇ ಇರುತ್ತದೆ. ರಾಮನಗರ ಜಿಲ್ಲೆ ರಚನೆಯಾದದ್ದು ಆ ವರ್ಷ. ಅದು ಪರಿವರ್ತಕದ ದೋಷವಲ್ಲ, ತಿದ್ದುವ ಅಗತ್ಯವೂ ಇಲ್ಲ.