ಹಳೆಯ ಜೀಪಿನ ತುಕ್ಕು ಯಾರ ಲೆಕ್ಕಕ್ಕೆ?



ಕಾಫಿ ಕುಯಿಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲದಲ್ಲೇ ನಮ್ಮಲ್ಲಿ ಹಳೆಯ ಜೀಪುಗಳ ಕೊಡು-ಕೊಳ್ಳುವಿಕೆ ಹೆಚ್ಚು. ಬೇಸಿಗೆಯ ಬಿಸಿಲಿನಲ್ಲಿ ಫಳಫಳಿಸಿದ ಬಣ್ಣ ಆಷಾಢದ ಮಳೆಗೆ ಗುಳ್ಳೆ ಎದ್ದು, ಬೆರಳಿನಿಂದ ಒತ್ತಿದರೆ ತಗಡೇ ಉದುರುತ್ತದೆ. ಕಳೆದ ಮಳೆಗಾಲ ಇಂಥದೊಂದು ತಕರಾರು ಸಂಘದ ಕಚೇರಿಗೂ ಬಂದಿತು. ಕೊಟ್ಟವರೂ ಕೊಂಡವರೂ ನಮ್ಮ ಸದಸ್ಯರೇ.

ಕೊಳ್ಳುವವನೇ ನೋಡಿ ಕೊಳ್ಳಬೇಕೆಂಬುದು 1930ರ ಸರಕು ಮಾರಾಟ ಕಾಯಿದೆಯ ಮೂಲ ನಿಲುವು. ವಾಹನ ಮಾರುವುದನ್ನೇ ಕಸುಬಾಗಿಸಿಕೊಂಡ ವ್ಯಾಪಾರಿಗೆ ಹೆಚ್ಚಿನ ಹೊಣೆಯಿದೆ. ಅವನ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಪಕ್ಕದ ತೋಟದವರು ತಮ್ಮ ಸ್ವಂತ ಜೀಪನ್ನು ಮಾರಿದ್ದರೆ ಆ ದಾರಿಯಿಲ್ಲ, ಸಿವಿಲ್ ನ್ಯಾಯಾಲಯವೇ ಗತಿ. ಹಾಗೆಂದು ಮಾರುವವರು ಏನು ಮಾಡಿದರೂ ನಡೆಯುತ್ತದೆಂದಲ್ಲ. ದೋಷವನ್ನು ಹೇಳದೆ ಸುಮ್ಮನಿರುವುದು ಬೇರೆ, ಗೊತ್ತಿದ್ದೂ ಅದನ್ನು ಮುಚ್ಚಿಹಾಕುವುದು ಬೇರೆ. ಎರಡನೆಯದನ್ನು 1872ರ ಕರಾರು ಕಾಯಿದೆಯ 17ನೇ ಕಲಮು ವಂಚನೆಯೆಂದೇ ಕರೆಯುತ್ತದೆ.

ನಮ್ಮ ಪ್ರಕರಣದಲ್ಲಿ ಮಾರಿದವರ ವಾದ, "ಮಳೆ ಬಿದ್ದದ್ದು ಅವರ ಅಂಗಳದಲ್ಲಿ, ನಮ್ಮದರಲ್ಲಲ್ಲ" ಎಂದು. ಒಬ್ಬ ಟಿಂಕರ್‌ನನ್ನು ಕರೆಸಿ ಬಾಗಿಲಿನ ಕೆಳಭಾಗ ಕೆರೆಸಿದೆವು. ಬಣ್ಣದಡಿ ದಪ್ಪನೆಯ ಪುಟ್ಟಿ, ಪುಟ್ಟಿಯಡಿ ತೂತು ಮುಚ್ಚಿದ ತೇಪೆ ತಗಡು. ಪುಟ್ಟಿ ನೀರು ಹೀರಿ ಹಿಡಿದುಕೊಳ್ಳುವುದರಿಂದ ಒಳಗಿನ ಹಳೆಯ ತುಕ್ಕು ಇನ್ನಷ್ಟು ಬೇಗ ಹರಡುತ್ತದೆ. ಅಂಥ ತೂತು ಐದು ತಿಂಗಳಲ್ಲಿ ಆಗುವುದಲ್ಲ. ತೇಪೆ ಹಾಕಿಸಿದವರಿಗೆ ತಿಳಿಯದ್ದೂ ಅಲ್ಲ.

ಆದರೆ ಹಿಂಬದಿಯ ನೆಲದ ಕಥೆ ಬೇರೆ. ಅಲ್ಲಿ ಪುಟ್ಟಿಯೂ ಇರಲಿಲ್ಲ, ತೇಪೆಯೂ ಇರಲಿಲ್ಲ. ಕೊಂಡವರು ಪೊಟ್ಯಾಷ್ ಚೀಲ, ಮೈಲುತುತ್ತದ ನೀರಿನ ಡ್ರಮ್ಮು ಸಾಗಿಸಿದ್ದರು. ಪೊಟ್ಯಾಷ್ ಒಂದು ಬಗೆಯ ಉಪ್ಪು, ತೇವ ತಗುಲಿದರೆ ತಗಡನ್ನು ತಿನ್ನುತ್ತದೆ. ತುತ್ತದ ಗುಣವಂತೂ ಅಡಿಕೆಯವರಿಗೆ ಹೇಳಿಕೊಡಬೇಕಿಲ್ಲ: ಸುಣ್ಣ ಸಾಲದ ಬೋರ್ಡೋ ದ್ರಾವಣದಲ್ಲಿ ಚಾಕು ಅದ್ದಿದರೆ ಅಲಗು ಕೆಂಪೇರುತ್ತದಲ್ಲ, ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಜೀಪಿನ ನೆಲಕ್ಕೂ ಅದೇ ಗತಿ. (ನಮ್ಮ ಸ್ವಂತ ಜೀಪಿನ ನೆಲವೂ ಹೀಗೆಯೇ ಹೋದದ್ದು.)

ಕಡೆಗೆ ಬಾಗಿಲುಗಳ ಖರ್ಚು ಮಾರಿದವರಿಗೆ, ನೆಲದ್ದು ಕೊಂಡವರಿಗೆ ಎಂದು ಹೇಳಿದೆವು. ಇಬ್ಬರೂ ಗೊಣಗುತ್ತಲೇ ಒಪ್ಪಿದರು.

ಕೊಳ್ಳುವ ಮುನ್ನ ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ಕೆಳಗೂ ಚಕ್ರದ ಕಮಾನಿಗೂ ಹಿಡಿದು ನೋಡಿ. ಪುಟ್ಟಿ ದಪ್ಪಗಿದ್ದಲ್ಲಿ ಅದು ಅಂಟದು. ಮ್ಯಾಟ್ ಎತ್ತಿಸಿ ನೆಲ ನೋಡಿ. ಟಿಂಕರಿಂಗ್, ಪೇಂಟಿಂಗ್ ಎಲ್ಲೆಲ್ಲಿ ಆಗಿದೆಯೆಂದು ಮಾರುವವರಿಂದ ಬರೆಸಿ ಸಹಿ ಹಾಕಿಸಿಕೊಳ್ಳಿ. ಇದಕ್ಕೊಂದು ಕಲಮು ಸೇರಿಸಿದ ಮಾರಾಟ ಪತ್ರದ ಮಾದರಿಯನ್ನು ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಬೇಕಾದ ಸದಸ್ಯರು ಕೇಳಿ ಪಡೆಯಬಹುದು.

— ಕಾರ್ಯದರ್ಶಿ