ಪಿಗ್ಮಿ ಕಟ್ಟೋರ ರೂಢಿ: ಹೆಂಗ ಹತ್ತತದ, ಎಲ್ಲಿ ತಪ್ಪತದ

ಹೊಸ ರೂಢಿ ಹೆಂಗ ಹಚ್ಕೋಬೇಕು ಅಂತ ಯೂಟ್ಯೂಬ್‌ನಾಗ ಹುಡುಕ್ರಿ, ಹತ್ತರಲ್ಲಿ ಎಂಟು ವಿಡಿಯೊ "21 ದಿನ ಬಿಡದೆ ಮಾಡಿ, ಸಾಕು" ಅಂತಾವ. ಈ 21 ಬಂದಿದ್ದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಪುಸ್ತಕದಿಂದ. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು ಹೇಳಿದ್ದರು. ಜನ "ಕನಿಷ್ಠ" ಬಿಟ್ಟರು, ಮುಖಾನೂ ಬಿಟ್ಟರು, 21 ಅಷ್ಟೇ ಹಿಡಕೊಂಡರು.

ಲಂಡನ್ನಿನ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಮತ್ತು ತಂಡ 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯೇ ಇದೆ. ರೂಢಿ ಹತ್ತಲು ಬೇಕಾದದ್ದು ಸುಮಾರು 66 ದಿನ. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನ ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ ಅನ್ನೋದನ್ನೂ ಅವರು ಕಂಡರು.

ಇಷ್ಟು ದಿನ ಒಂದು ಕೆಲಸ ಹಿಡಿದು ನಡೆಸೋದು ಹೆಂಗ? ಇಂಡಿ, ಸಿಂದಗಿ, ಮುದ್ದೇಬಿಹಾಳದ ಬಜಾರದಾಗ ಚಹಾದಂಗಡಿಯವರನ್ನ, ತರಕಾರಿ ಮಾರೋ ಅವ್ವಂದಿರನ್ನ ನೋಡ್ರಿ. ವರ್ಷಗಟ್ಟಲೆ ದಿನಾ ಪಿಗ್ಮಿ ಕಟ್ಟತಾರ. ಅವರಿಗೆ ಯಾರೂ ಮೋಟಿವೇಷನ್ ಭಾಷಣ ಮಾಡಿಲ್ಲ.

ಪಿಗ್ಮಿ ನಮ್ಮ ರಾಜ್ಯದ್ದೇ ಸರಕು. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಮತ್ತು ಸಂಗಡಿಗರು ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ, ಏಜೆಂಟ್ ಮನೆಬಾಗಿಲಿಗೇ ಬಂದು ಒಯ್ಯುತ್ತಿದ್ದ. ಎಂಟು ದಿನಕ್ಕೆ ಒಂದು ರೂಪಾಯಿ. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಪಿಗ್ಮಿ ಅನ್ನೋ ಹೆಸರು ಮಾತ್ರ ನಮ್ಮ ಊರಿನ ಪತ್ತಿನ ಸಂಘಗಳವರೆಗೂ ಉಳಿದಿದೆ.

ಕಾಮರ್ಸ್ ಓದಿದ ನಾನು ಬಡ್ಡಿ ನೋಡಿದರೆ ಪಿಗ್ಮಿಗೆ ಮಾರ್ಕ್ಸ್ ಕೊಡೂದಿಲ್ಲ. ಬಡ್ಡಿ ಕಡಿಮೆ, ಅವಧಿಗೆ ಮುಂಚೆ ಮುರಿದರೆ ಇನ್ನೂ ಕಡಿಮೆ. ಆದರೆ ದಿನಕ್ಕೆ 50 ರೂಪಾಯಿ ಅಂದ್ರ ವರ್ಷಕ್ಕೆ 18,250. ಆರ್‌ಡಿ ತೆಗೆದು ಮೂರು ತಿಂಗಳಿಗೆ ನಿಲ್ಲಿಸಿದವರ ಕೈಯಲ್ಲಿ ಇಷ್ಟು ಇರೋದಿಲ್ಲ. ಇಲ್ಲಿ ಉಳಿಸಬೇಕು ಅನ್ನೋದನ್ನ ನೀವು ನೆನಪಿಡೋದು ಬ್ಯಾಡ. ಸಂಜಿಗೆ ಏಜೆಂಟನ ಬೈಕ್ ಬಂದು ನಿಲ್ಲತದ, ಗಲ್ಲಾಕ್ಕ ಕೈ ಹೋಗತದ. ಮೊತ್ತವೂ ಸಣ್ಣದು, ಅಳುಕು ಹುಟ್ಟೂದಿಲ್ಲ. ಇವತ್ತು ವ್ಯಾಪಾರ ಇಲ್ಲ ಅಂದ್ರ "ನಾಳೆ ಕೊಡ್ರಿ ಅಕ್ಕಾರ" ಅಂತ ಅವನು ಹೋಗತಾನ, ಆದರ ನಾಳೆ ಮತ್ತ ಬರತಾನ. ತಪ್ಪಿದ ದಿನ ಒಂದಕ್ಕೇ ನಿಲ್ಲೋದು ಇದರಿಂದಲೇ.

ನಡಿಗೆ, ಓದು, ಬಿಪಿ ಗುಳಿಗೆ, ಯಾವುದಕ್ಕೂ ಇಂಥದೊಂದು ಗೂಟ ಬೇಕು. ಬಸವನ ಬಾಗೇವಾಡಿ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರು ಜಳಕ, ಲಿಂಗಪೂಜೆ ಮುಗಿಯದೆ ನಾಷ್ಟಾ ಮಾಡೂದಿಲ್ಲ. ಅಂಥ ಅಜ್ಜನಿಗೆ "ಮುಂಜಾನೆ ಗುಳಿಗಿ ತಗೋರಿ" ಅಂದರ ಮರೀತಾನ. "ಪೂಜೆ ಮುಗಿಸಿ ನಾಷ್ಟಾಕ್ಕ ಕುಂತ ಕೂಡ್ಲೇ ಗುಳಿಗಿ" ಅಂದರ ನೆನಪಿರತದ. ಊಟದ ಮೊದಲೋ ನಂತರವೋ ಅನ್ನೋದನ್ನ ಮಾತ್ರ ಡಾಕ್ಟರನ್ನ ಕೇಳ್ರಿ.

ಎಲ್ಲರಿಗೂ ದಿನದ ಲೆಕ್ಕ ಹೊಂದೂದಿಲ್ಲ. ತೊಗರಿ ದುಡ್ಡು ಬರೋದು ರಾಶಿ ಆದ ಮೇಲೆ, ಒಮ್ಮೆಲೇ. ವರ್ಷಕ್ಕೊಮ್ಮೆ ಮಾಡೋ ಕೆಲಸ ರೂಢಿ ಆಗೋದಿಲ್ಲ. ಅಂಥ ರೈತರು ಮಾಲು ಮಾರುವ ಮೊದಲೇ "ಇಷ್ಟು ಎಫ್‌ಡಿ" ಅಂತ ಮನೆಯವರ ಮುಂದೆ ಗೊತ್ತು ಮಾಡಿಕೊಳ್ಳೋದು ವಾಸಿ. ಡೇರಿಗೆ ಹಾಲು ಹಾಕೋರಿಗೆ ಬಿಲ್ಲು ಬರುವ ದಿನವೇ ಗೂಟ.

ಗುಳೆ ಹೋಗೋರ ಕಥೆ ಇನ್ನೂ ಕಠಿಣ. ಮಹಾರಾಷ್ಟ್ರಕ್ಕ ಕಬ್ಬು ಕಡಿಯೋಕೆ, ಗೋವಾಕ್ಕ ದುಡಿಯೋಕೆ ಹೋದರೆ ಏಜೆಂಟ್ ಇಲ್ಲ, ಅದೇ ಸಂಜೆ ಇಲ್ಲ, ಮಕ್ಕಳ ಶಾಲೆಯ ಗಂಟೆಯೂ ಇಲ್ಲ. ಅವರು ತಿರುಗಿ ಬಂದಾಗ "ಶಿಸ್ತಿಲ್ಲ" ಅನ್ನೋದು ಅನ್ಯಾಯ. ಸುತ್ತಲಿನ ಜಾಗ ಬದಲಾದರೆ ರೂಢಿ ಕಳಚುತ್ತದೆ ಅನ್ನೋದನ್ನ ವೆಂಡಿ ವುಡ್ ಮತ್ತು ಜೊತೆಗಾರರು 2005ರಲ್ಲೇ ಕಾಲೇಜು ಬದಲಿಸಿದ ಅಮೆರಿಕದ ವಿದ್ಯಾರ್ಥಿಗಳಲ್ಲಿ ತೋರಿಸಿದ್ದರು. ಊರಿಗೆ ಬಂದ ವಾರವೇ ಏಜೆಂಟನಿಗೆ ಫೋನ್ ಹಚ್ಚೋದು ಒಳ್ಳೇದು. ಮೊದಲ ದಿನ 10 ರೂಪಾಯಿ ಆದರೂ ನಡೀತದ.

ಇನ್ನೊಂದು ಮಾತು, ಇದು ಮುಖ್ಯ. ರೂಢಿ ಆದದ್ದನ್ನ ನಾವು ನೋಡೋದೇ ಬಿಡತೀವಿ. ಏಜೆಂಟ್ ಮಷಿನ್‌ನಿಂದ ಹರಿದು ಕೊಟ್ಟ ಚೀಟಿ ಓದದೆ ಗಲ್ಲಾದಾಗ ತುರುಕತೀವಿ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕು ಸೇರಿ, ಇಟ್ಟ ಹಣಕ್ಕೆ ಡಿಐಸಿಜಿಸಿಯ 5 ಲಕ್ಷ ರೂಪಾಯಿವರೆಗಿನ ವಿಮೆ ಇದೆ. ಪತ್ತಿನ ಸಹಕಾರಿ ಸಂಘದಲ್ಲಿ, ಸೌಹಾರ್ದ ಸಹಕಾರಿಯಲ್ಲಿ ಇಟ್ಟದ್ದಕ್ಕೆ ಆ ವಿಮೆ ಇಲ್ಲ. ಬೋರ್ಡಿನ ಮೇಲೆ "ಬ್ಯಾಂಕ್" ಅಂತ ಇದೆಯೋ "ಸಂಘ" ಅಂತ ಇದೆಯೋ ಇವತ್ತೇ ನೋಡ್ರಿ. ತಿಂಗಳ ಮೊದಲ ಸೋಮವಾರ ಆಫೀಸಿಗೇ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಚೀಟಿಗಳ ಮೊತ್ತಕ್ಕೆ ತಾಳೆ ನೋಡ್ರಿ. ಓದಲು ಬಾರದ ಅವ್ವ ಮನೆಯಲ್ಲಿದ್ದರೆ ಆಕೆಯ ಜೊತೆ ನೀವೇ ಹೋಗ್ರಿ, ಏಜೆಂಟನ ಕೈಗೆ ಪುಸ್ತಕ ಕೊಟ್ಟು ಕಳಿಸಬ್ಯಾಡ್ರಿ.