ಚಳಿಗಾಲದ ಜಲಪಾತ ದರ್ಶನ: ಪಾದಗಳ ಮೇಲಿರಲಿ ಗಮನ

ಕಾರ್ತಿಕ ಕಳೆದು ಮಾರ್ಗಶಿರ ಬಂದೊಡನೆ ಯಾದಗಿರಿ ಸೀಮೆಯ ಮುಂಜಾವು ತಣ್ಣಗಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲನ್ನು ಸಹಿಸುವ ನಮಗೆ ಕಾಲ್ನಡಿಗೆಗೆ ಇದೇ ಹಿತವಾದ ಕಾಲ. ಅಬ್ಬೆತುಮಕೂರಿನಿಂದ ಗುರುಮಠಕಲ್ ಕಡೆಗೆ ಸಾಗಿದರೆ ಚಿಂತನಹಳ್ಳಿಯ ಗವಿಸಿದ್ಧಲಿಂಗೇಶ್ವರ ಗುಹಾಲಯವಿದೆ. ಅದರ ಮುಂದೆಯೇ ಬಂಡೆಯಿಂದ ನೀರು ಧುಮುಕುತ್ತದೆ. ಮಳೆಗಾಲದ ಆರ್ಭಟ ಅಡಗಿರುವ ಚಳಿಗಾಲದ ಆರಂಭದಲ್ಲಿ, ನಡೆದು ರೂಢಿಯಿಲ್ಲದವರೂ ತಕ್ಕ ಸಿದ್ಧತೆಯೊಡನೆ ಇಂಥ ತಾಣಕ್ಕೆ ಹೋಗಿಬರಬಹುದು.

ಸಿದ್ಧತೆ ಎರಡು ಮೂರು ವಾರ ಮೊದಲೇ ಆರಂಭವಾಗಲಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ದಿನಕ್ಕೆ 30 ನಿಮಿಷದಂತೆ ಐದು ದಿನ. ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲದಿರಬೇಕು. ಅದೇ ಸರಿಯಾದ ವೇಗ.

ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ. ಆದ್ದರಿಂದ ಹೃದ್ರೋಗಿಗಳೂ ರಕ್ತದೊತ್ತಡವುಳ್ಳವರೂ ವೈದ್ಯರ ಸಲಹೆ ಪಡೆದು, ಬಿಸಿಲೇರಿದ ಮೇಲೆಯೇ ಹೊರಡುವುದು ಒಳಿತು. ಚಳಿಯಲ್ಲಿ ಬಾಯಾರಿಕೆ ತೋರದಿದ್ದರೂ ಆಗಾಗ ನೀರು ಕುಡಿಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಪಾದ. ಭಕ್ತಿಯಿಂದ ದಾರಿಯುದ್ದಕ್ಕೂ ಬರಿಗಾಲಲ್ಲಿ ನಡೆಯುವವರು ನಮ್ಮಲ್ಲಿ ಬಹಳ. ಆದರೆ ಬಹುಕಾಲದ ಮಧುಮೇಹವು ಪಾದದ ನರಗಳನ್ನು ಮಂದಗೊಳಿಸುತ್ತದೆ. ಚುಚ್ಚಿದ ಮುಳ್ಳು ನೋಯುವುದಿಲ್ಲ. ನೋಯದ ಗಾಯವನ್ನು ಯಾರೂ ನೋಡುವುದಿಲ್ಲ. ಅದು ಹುಣ್ಣಾಗಿ, ಸೋಂಕು ಎಲುಬಿಗಿಳಿದು, ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಸ್ಥಿತಿ ಬರಬಹುದು. ಆದಕಾರಣ ಮಧುಮೇಹಿಗಳು ಹಿಡಿತವುಳ್ಳ ಅಡಿಯ, ಬೆರಳು ಮುಚ್ಚುವ ಪಾದರಕ್ಷೆ ಧರಿಸಿ ನಡೆದು, ಗುಡಿಯ ಹೊಸ್ತಿಲಲ್ಲಿ ಮಾತ್ರ ಅದನ್ನು ಕಳಚಲಿ. ಇದರಿಂದ ಭಕ್ತಿಗೆ ಕುಂದಿಲ್ಲ.

ನೀರು ಹರಿಯುವ ಬಂಡೆಗಳ ಮೇಲೆ ಪಾಚಿ ಕಟ್ಟಿರುತ್ತದೆ. ಸಣ್ಣ ಹೆಜ್ಜೆಯಿಟ್ಟು, ಕೋಲನ್ನೂರಿ, ಒಣಗಿದ ಕಲ್ಲನ್ನೇ ಆರಿಸಿ ನಡೆಯಿರಿ. ಇಳಿಯುವಾಗ ಮೊಣಕಾಲಿಗೆ ಹೆಚ್ಚು ಭಾರ ಬೀಳುವುದರಿಂದ ಅವಸರ ಸಲ್ಲದು. ಬೆವರಿದ ಮೈಯಲ್ಲಿ ತಣ್ಣೀರಿಗೆ ಒಮ್ಮೆಲೇ ಒಡ್ಡಿಕೊಂಡರೆ ಉಸಿರು ಬಿಗಿದು ಹೃದಯಬಡಿತ ಏರುತ್ತದೆ. ಕುಳಿತು ದಣಿವಾರಿಸಿಕೊಂಡು, ಮೊದಲು ಕೈಕಾಲು ತೊಳೆದುಕೊಳ್ಳಿ.

ಎದೆಯಲ್ಲಿ ಒತ್ತಡ, ಎಡತೋಳಿಗೆ ಹರಿಯುವ ನೋವು, ತಲೆಸುತ್ತು ಅಥವಾ ವಿಪರೀತ ಏದುಸಿರು ಕಂಡರೆ ಅಲ್ಲಿಯೇ ಕುಳಿತುಕೊಳ್ಳಿ. ಜೊತೆಗಿರುವವರು ತಡಮಾಡದೆ 108ಕ್ಕೆ ಕರೆಮಾಡಲಿ. ಒಂಟಿಯಾಗಿ ಹೋಗಬಾರದೆನ್ನುವುದು ಇದಕ್ಕಾಗಿಯೇ.

ಮನೆಗೆ ಮರಳಿದ ಮೇಲೆ ಪಾದಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳ ಸಂದುಗಳನ್ನು ಚೆನ್ನಾಗಿ ಒರೆಸಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿ. ಬೆರಳ ಸಂದುಗಳಿಗೆ ಬೇಡ. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿದು ನೋಡಿ, ಇಲ್ಲವೇ ಮಕ್ಕಳಿಗೆ ತೋರಿಸಿ. ಸಣ್ಣ ಗೀರೂ ಕೆಂಪಾಗಿದ್ದರೆ ಮರುದಿನವೇ ವೈದ್ಯರನ್ನು ಕಾಣಿರಿ. ದರ್ಶನಕ್ಕೆ ಒಯ್ದ ಪಾದಗಳನ್ನು ಮುಂದಿನ ವರ್ಷದ ದರ್ಶನಕ್ಕೂ ಕಾಪಾಡಿಕೊಳ್ಳುವುದು ನಮ್ಮ ಹೊಣೆ.